ಚಾವಣಿ ಹಾರಿಹೋದ ದ್ವೀಪಕ್ಕೆ ಹಾಯಿದೋಣಿ ಪಂದ್ಯ ಏಕೆ ಬೇಕು?

2024ರ ಜೂನ್ 29ರಂದು ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡ ಕಪ್ ಹಿಡಿದುಕೊಂಡೇ ಹೋಟೆಲಿನಲ್ಲಿ ದಿನಗಳನ್ನು ಕಳೆಯಬೇಕಾಯಿತು. ಬೆರಿಲ್ ಎಂಬ ಚಂಡಮಾರುತ ಹತ್ತಿರ ಬರುತ್ತಿದ್ದುದರಿಂದ ವಿಮಾನ ನಿಲ್ದಾಣ ಮುಚ್ಚಿತ್ತು. ತಂಡ ಸುರಕ್ಷಿತವಾಗಿ ದೆಹಲಿಗೆ ಬಂದಿಳಿಯುತ್ತಿದ್ದಂತೆ ನಮ್ಮ ಪಾಲಿಗೆ ಬೆರಿಲ್ ಕಥೆ ಮುಗಿಯಿತು. ಆದರೆ ಬಾರ್ಬಡೋಸ್‌ನ ದಕ್ಷಿಣಕ್ಕೆ ಸರಿದುಹೋದ ಆ ಗಾಳಿ ಜುಲೈ 1ರ ಬೆಳಿಗ್ಗೆ ಅಲ್ಲಿಂದ ಸುಮಾರು 200 ಕಿಲೋಮೀಟರ್ ದೂರದ ಕ್ಯಾರಿಯಾಕು ಎಂಬ ಪುಟ್ಟ ದ್ವೀಪಕ್ಕೆ ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸಿತು. ಆ ದ್ವೀಪದಲ್ಲೂ ಪಕ್ಕದ ಪೆಟೀಟ್ ಮಾರ್ಟಿನಿಕ್‌ನಲ್ಲೂ ಸುಮಾರು ಶೇಕಡ 98ರಷ್ಟು ಕಟ್ಟಡಗಳು ಹಾನಿಗೊಂಡವು ಇಲ್ಲವೇ ನೆಲಸಮವಾದವು ಎಂದು ಅಧಿಕಾರಿಗಳು ಹೇಳಿದರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದುಹೋಯಿತು ಎಂಬರ್ಥದ ಮಾತನ್ನು, ಈ ದ್ವೀಪಗಳು ಸೇರಿರುವ ಗ್ರೆನಡಾ ದೇಶದ ಪ್ರಧಾನಿ ಡಿಕನ್ ಮಿಚೆಲ್ ಸ್ವತಃ ಆಡಿದರು.

ಇದೇ ಕ್ಯಾರಿಯಾಕುವಿನಲ್ಲಿ 1965ರಿಂದ ಪ್ರತಿ ವರ್ಷ ಆಗಸ್ಟ್ ತಿಂಗಳ ಮೊದಲ ಸೋಮವಾರದ ಆಸುಪಾಸಿನಲ್ಲಿ ಹಾಯಿದೋಣಿಗಳ ಪಂದ್ಯ ಮತ್ತು ಉತ್ಸವ ನಡೆಯುತ್ತದೆ. ಅಲ್ಲಿಯವರು ಅದನ್ನು ರೆಗಾಟಾ ಎನ್ನುತ್ತಾರೆ. ಬೆರಿಲ್ ಬೀಸುವುದಕ್ಕೆ ಏಳು ತಿಂಗಳು ಮೊದಲು, 2023ರ ಡಿಸೆಂಬರ್‌ನಲ್ಲಿ, ಈ ಎರಡು ದ್ವೀಪಗಳ ಮರದ ದೋಣಿ ಕಟ್ಟುವ ವಿದ್ಯೆಯನ್ನು ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತ್ತು.

ಸುದ್ದಿ ಓದುವವರಿಗೆ ಗೊಂದಲವಾಗುವುದು ಇಲ್ಲೇ. ಮನೆಗಳಿಗೆ ಚಾವಣಿ ಇಲ್ಲದಿರುವಾಗ ದೋಣಿ ಪಂದ್ಯದ ಮಾತೇಕೆ? ಅದೂ ಜೂನ್‌ನಿಂದ ನವೆಂಬರ್‌ವರೆಗೆ ಹಬ್ಬುವ ಚಂಡಮಾರುತದ ಋತುವಿನಲ್ಲೇ ಏಕೆ? ಯುನೆಸ್ಕೊ ಮಾನ್ಯತೆ ಇದ್ದ ಮೇಲೆ ಹಣಕ್ಕೇನು ಕೊರತೆ? ಮೂರೂ ನ್ಯಾಯವಾದ ಪ್ರಶ್ನೆಗಳು. ಉತ್ತರಕ್ಕೆ ಪಂದ್ಯದ ಹುಟ್ಟಿನಿಂದಲೇ ಹೊರಡಬೇಕು.

ಕಸುಬು ಸಾಯುತ್ತಿದ್ದಾಗ ಹುಟ್ಟಿದ ಪಂದ್ಯ

ಕ್ಯಾರಿಯಾಕು ಗ್ರೆನಡಾ ದೇಶದ ಭಾಗ. ವಿಸ್ತೀರ್ಣ ಸುಮಾರು 34 ಚದರ ಕಿಲೋಮೀಟರ್. ಇಲ್ಲಿ ಹರಿಯುವ ನದಿಯಿಲ್ಲ. ಮಳೆನೀರನ್ನೇ ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಂಡು ಬಾಳುವ ಊರುಗಳು. ಇಂಥ ನೆಲದಲ್ಲಿ ಬೇಸಾಯ ನೆಚ್ಚಿ ಕೂರುವಂತಿರಲಿಲ್ಲ, ಆದ್ದರಿಂದ ಜನ ಸಮುದ್ರಕ್ಕಿಳಿದರು. 19ನೇ ಶತಮಾನದಲ್ಲಿ ಸ್ಕಾಟ್ಲೆಂಡ್‌ನಿಂದ ಬಂದ ಹಡಗು ಬಡಗಿಗಳು ಉತ್ತರ ತುದಿಯ ವಿಂಡ್‌ವರ್ಡ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅವರ ಕೈಚಳಕ, ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳ ಶ್ರಮ ಮತ್ತು ಸಮುದ್ರಜ್ಞಾನ ಎರಡೂ ಬೆರೆತು ಒಂದು ಸ್ವತಂತ್ರ ಪರಂಪರೆ ಬೆಳೆಯಿತು. ಇಲ್ಲಿ ಕಟ್ಟಿದ ಸ್ಲೂಪ್ ಮತ್ತು ಸ್ಕೂನರ್ ಎಂಬ ಹಾಯಿಹಡಗುಗಳು ದ್ವೀಪದಿಂದ ದ್ವೀಪಕ್ಕೆ ಸರಕು ಸಾಗಿಸಿದವು, ಮೀನು ಹಿಡಿದವು, ಸುಂಕ ತಪ್ಪಿಸಿ ಮದ್ಯವನ್ನೂ ಹೊತ್ತವು.

20ನೇ ಶತಮಾನದ ನಡುಭಾಗಕ್ಕೆ ಬರುವಷ್ಟರಲ್ಲಿ ಎಂಜಿನ್ ಬಂತು, ಉಕ್ಕಿನ ಹಡಗು ಬಂತು, ವಿಮಾನ ಬಂತು. ಸರಕಿಗೆ ಹಾಯಿ ಬೇಡವಾಯಿತು. ಸಾಲದೆಂಬಂತೆ 1955ರ ಸೆಪ್ಟೆಂಬರ್‌ನಲ್ಲಿ ಜಾನೆಟ್ ಚಂಡಮಾರುತ ಗ್ರೆನಡಾವನ್ನೂ ಕ್ಯಾರಿಯಾಕುವನ್ನೂ ಮುರಿಯಿತು. ಕೆಲಸ ಹುಡುಕಿ ಹೊರಟವರು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್, ನ್ಯೂಯಾರ್ಕಿನ ಬ್ರೂಕ್ಲಿನ್‌ಗಳಲ್ಲಿ ನೆಲೆಯೂರಿದರು. ದೋಣಿ ಕಟ್ಟಿಸುವವರೂ ಇಲ್ಲ, ಕಟ್ಟುವ ಹುಡುಗರೂ ಇಲ್ಲ ಎನ್ನುವ ಸ್ಥಿತಿ ಸಮೀಪಿಸುತ್ತಿತ್ತು.

ಆಗ, 1965ರಲ್ಲಿ, ದ್ವೀಪದಲ್ಲಿ ನೆಲೆಸಿದ್ದ ಅಮೆರಿಕದ ಹಾಯಿದೋಣಿ ಪ್ರೇಮಿ ಲಿಂಟನ್ ರಿಗ್ ಈ ಪಂದ್ಯವನ್ನು ಶುರು ಮಾಡಿದರು. ಉದ್ದೇಶ ಸ್ಪಷ್ಟವಿತ್ತು: ಗೆಲ್ಲುವ ಆಸೆ ಹುಟ್ಟಿದರೆ ಒಳ್ಳೆಯ ದೋಣಿ ಬೇಕೆನಿಸುತ್ತದೆ, ಒಳ್ಳೆಯ ದೋಣಿ ಬೇಕೆಂದರೆ ಬಡಗಿಯ ಮನೆ ಬಾಗಿಲು ತಟ್ಟಲೇಬೇಕು. ಅಂದರೆ ಸಂಭ್ರಮಕ್ಕೆಂದು ಹುಟ್ಟಿ ಆಮೇಲೆ ಪರಂಪರೆಯ ಹೆಸರು ಹೊತ್ತ ಉತ್ಸವವಲ್ಲ ಇದು. ಕಸುಬಿಗೆ ಗಿರಾಕಿ ಒದಗಿಸಲೆಂದೇ ಹುಟ್ಟಿದ್ದು. ಈ ಮೂಲವನ್ನು ಮರೆತರೆ ಮುಂದಿನ ವಾದಗಳೆಲ್ಲ ದಾರಿ ತಪ್ಪುತ್ತವೆ.

ನಕ್ಷೆಯಿಲ್ಲದ ವಿದ್ಯೆ

ವಿಂಡ್‌ವರ್ಡ್‌ನ ಬಡಗಿ ಕಾಗದದ ಮೇಲೆ ಗೆರೆ ಎಳೆದು ದೋಣಿ ಕಟ್ಟುವವನಲ್ಲ. ತೆಂಗಿನ ಮರಗಳ ಕೆಳಗೆ, ಮರಳ ದಂಡೆಯಲ್ಲೇ, ಮೊದಲು ಅಡಿಮರವನ್ನು ಇಡುತ್ತಾನೆ. ಇದಕ್ಕೆ ಗಯಾನಾದಿಂದ ತರಿಸಿದ ಗ್ರೀನ್‌ಹಾರ್ಟ್ ಎಂಬ ಗಟ್ಟಿ ಮರ. ಪಕ್ಕೆಗಳಿಗೆ ಮಾತ್ರ ದ್ವೀಪದಲ್ಲೇ ಬೆಳೆಯುವ ಬಿಳಿ ಸೀಡರ್ ಬೇಕು. ಸಮುದ್ರದ ಗಾಳಿಗೆ ಬಾಗಿ ಬೆಳೆದ ಆ ಮರದ ಕೊಂಬೆಗಳಲ್ಲಿ ದೋಣಿಯ ಪಕ್ಕೆಗೆ ಬೇಕಾದ ತಿರುವು ತಾನಾಗಿಯೇ ಇರುತ್ತದೆ. ನೇರ ಮರವನ್ನು ಕೊರೆದು ತಿರುವು ಮಾಡಿದರೆ ಮರದ ಎಳೆ ನಡುವೆ ತುಂಡಾಗಿ ಬಲ ಕುಗ್ಗುತ್ತದೆ. ಸಹಜವಾಗಿ ಬಾಗಿದ ಕೊಂಬೆಯಲ್ಲಿ ಎಳೆ ತಿರುವಿನುದ್ದಕ್ಕೂ ಸಾಗುತ್ತದೆ. ಹೀಗಾಗಿ ಬಡಗಿಯ ಅರ್ಧ ಕೆಲಸ ಕಾಡಿನಲ್ಲೇ ನಡೆಯುತ್ತದೆ: ಯಾವ ಕೊಂಬೆ ಯಾವ ಪಕ್ಕೆಯಾದೀತು ಎಂದು ನಿಂತ ಮರದಲ್ಲೇ ಕಾಣುವ ಕಣ್ಣು ಬೇಕು. ಆ ಕಣ್ಣು ತರಗತಿಯಲ್ಲಿ ಬರುವಂಥದ್ದಲ್ಲ. ಹಿರಿಯನ ಜೊತೆ ವರ್ಷಗಟ್ಟಲೆ ಮರ ಹೊತ್ತವನಿಗೆ ಬರುತ್ತದೆ.

ದೋಣಿ ಮುಗಿದ ದಿನದ್ದು ಬೇರೆಯದೇ ಸಂಭ್ರಮ. ಪಾದ್ರಿ ಬಂದು ಹರಸುತ್ತಾನೆ, ಆಡು ಕುರಿಗಳ ಬಲಿ ನಡೆಯುತ್ತದೆ, ಹಲಗೆಗಳ ಮೇಲೆ ರಮ್ ಚಿಮುಕಿಸುತ್ತಾರೆ. ದೋಣಿಯನ್ನು ನೆಟ್ಟಗೆ ನಿಲ್ಲಿಸಿದ್ದ ಊರೆಗಂಬಗಳನ್ನು ಕೊಡಲಿ ಹಿಡಿದವರು ಒಬ್ಬ ಹಿರಿಯನ ಸೂಚನೆಗೆ ತಕ್ಕಂತೆ ಕಡಿಯುತ್ತ ಬರುತ್ತಾರೆ. ಒಂದು ಕಡೆ ಆತುರವಾದರೆ ಹಲವು ಟನ್ ತೂಕದ ಒಡಲು ದಿಢೀರನೆ ಉರುಳಿ ಬಿರುಕು ಬಿಡಬಹುದು. ಕಡಿದಂತೆಲ್ಲ ಅದು ಮೆಲ್ಲಗೆ ಪಕ್ಕಕ್ಕೆ ಒರಗುತ್ತದೆ. ಆಮೇಲೆ ಮರದ ಉರುಳೆಗಳ ಮೇಲೆ ಇಡೀ ಊರು ಹಗ್ಗ ಹಿಡಿದು ಸಮುದ್ರಕ್ಕೆ ಎಳೆಯುತ್ತದೆ. ಬಿಗ್ ಡ್ರಮ್ ಎಂಬ, ಆಫ್ರಿಕಾದ ಬೇರೆ ಬೇರೆ ಕುಲಗಳ ನೆನಪು ಹೊತ್ತ ತಮಟೆ ಕುಣಿತವೂ ದ್ವೀಪದ ಇಂಥ ಸಂದರ್ಭಗಳದೇ ಸೊತ್ತು.

ಇಷ್ಟು ವಿವರ ಹೇಳಿದ್ದಕ್ಕೆ ಕಾರಣವಿದೆ. ಕಾಡು, ಬಡಗಿ, ಶಿಷ್ಯ, ಊರು ಇವಿಷ್ಟೂ ಇದ್ದರೆ ಮಾತ್ರ ಒಂದು ದೋಣಿ ಹುಟ್ಟುತ್ತದೆ. ಇವೆಲ್ಲವೂ ಒಟ್ಟಿಗೆ ಸೇರಲು ಒಂದು ನೆಪ ಬೇಕು. ಸರಕು ಸಾಗಣೆ ನಿಂತ ಮೇಲೆ ಉಳಿದಿರುವ ಬಲವಾದ ನೆಪ ಪಂದ್ಯವೇ.

ಯುನೆಸ್ಕೊ ಪಟ್ಟಿ ಎಂದರೆ ಹಣದ ಚೀಲವಲ್ಲ

ಯುನೆಸ್ಕೊ ಸೇರಿಸಿಕೊಂಡದ್ದು ದೋಣಿಗಳನ್ನಲ್ಲ, ಪಂದ್ಯವನ್ನೂ ಅಲ್ಲ. ದೋಣಿ ಕಟ್ಟುವ ಅರಿವನ್ನು. 2003ರ ಒಡಂಬಡಿಕೆಯ ಪ್ರಕಾರ ಈ ಪಟ್ಟಿ ಗೌರವ ಕೊಡುತ್ತದೆ, ಜೊತೆಗೆ ಕಾಪಾಡುವ ಹೊಣೆಯನ್ನು ಆಯಾ ದೇಶದ ಮೇಲೇ ಹೊರಿಸುತ್ತದೆ. ಆರು ವರ್ಷಕ್ಕೊಮ್ಮೆ ಸರ್ಕಾರ ವರದಿ ಒಪ್ಪಿಸಬೇಕು. ನೆರವು ಬೇಕೆಂದರೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಪಟ್ಟಿಗೆ ಸೇರಿದ ಮಾತ್ರಕ್ಕೆ ವರ್ಷವರ್ಷವೂ ಅನುದಾನ ಹರಿದುಬರುತ್ತದೆ ಎಂಬ ನಂಬಿಕೆ ತಪ್ಪು.

ಇನ್ನೊಂದು ಮಾತು. ಅರಿವು ಅಮೂರ್ತವಾದ್ದರಿಂದ ಗಾಳಿ ಅದನ್ನು ಹಾರಿಸಿಕೊಂಡು ಹೋಗಲಾರದು ಎನ್ನಿಸಬಹುದು. ಆದರೆ ಅರಿವು ಕೂತಿರುವ ಕೈಗಳಿಗೆ ಮನೆಯಿದೆ, ಹೊಟ್ಟೆಯಿದೆ. ಆ ಕೈಗಳು ದ್ವೀಪ ಬಿಟ್ಟು ಹೋದರೆ ಅರಿವೂ ಹೊರಟುಹೋಗುತ್ತದೆ.

ಚಂಡಮಾರುತದ ನಂತರದ ಲೆಕ್ಕ

ಗ್ರೆನಡಾಕ್ಕೆ ಇದು ಹೊಸ ಪಾಠವಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಚಂಡಮಾರುತ ಮಾಡಿದ ನಷ್ಟ ದೇಶದ ವಾರ್ಷಿಕ ಒಟ್ಟು ಉತ್ಪನ್ನದ ಸುಮಾರು ಎರಡು ಪಟ್ಟು ಇತ್ತು. ಮರುವರ್ಷವೇ ಎಮಿಲಿ ಬಂತು. ಸಾಲ ತೀರಿಸಲಾಗದೆ ದೇಶ ಸಾಲದಾತರ ಮುಂದೆ ಕೂರಬೇಕಾಯಿತು. ಅದರಿಂದ ಕಲಿತದ್ದು ಎರಡು. ಒಂದು, ಕೆರಿಬಿಯನ್ ದೇಶಗಳು ಸೇರಿ ಮಾಡಿಕೊಂಡಿರುವ ವಿಪತ್ತು ವಿಮಾ ನಿಧಿಯಲ್ಲಿ ಪಾಲುಗೊಳ್ಳುವುದು. ಇಲ್ಲಿ ಹಾನಿಯ ಎಣಿಕೆ ಮುಗಿಯುವ ತನಕ ಕಾಯಬೇಕಿಲ್ಲ. ಗಾಳಿಯ ವೇಗದಂಥ ಅಳತೆಗಳಿಂದ ಲೆಕ್ಕಹಾಕಿದ ಅಂದಾಜು ನಷ್ಟ ನಿಗದಿತ ಮಟ್ಟ ದಾಟಿದರೆ ಹಣ ಬರುತ್ತದೆ. ಬೆರಿಲ್ ನಂತರ ಗ್ರೆನಡಾಕ್ಕೆ ಸುಮಾರು 4.4 ಕೋಟಿ ಅಮೆರಿಕನ್ ಡಾಲರ್ ಬಂದದ್ದು ಹೀಗೆ. ಎರಡು, ಸಾಲಪತ್ರಗಳಲ್ಲೇ ಚಂಡಮಾರುತದ ಷರತ್ತು ಬರೆಸಿಕೊಳ್ಳುವುದು. ದೊಡ್ಡ ಗಾಳಿ ಬಡಿದರೆ ಕಂತುಗಳನ್ನು ಮುಂದೂಡಬಹುದು. 2024ರಲ್ಲಿ ಈ ಷರತ್ತನ್ನು ನಿಜಕ್ಕೂ ಬಳಸಿಕೊಂಡ ಮೊದಲ ದೇಶ ಗ್ರೆನಡಾ.

ಈ ವ್ಯವಸ್ಥೆ ಜಾಣತನದ್ದು, ಮೆಚ್ಚಬೇಕಾದದ್ದು. ಆದರೆ ಈ ಹಣ ಸೇರುವುದು ಸರ್ಕಾರದ ಖಜಾನೆಗೆ. ಅಲ್ಲಿಂದ ಆಸ್ಪತ್ರೆ, ಶಾಲೆ, ವಿದ್ಯುತ್ ಕಂಬ, ರಸ್ತೆ, ಮನೆಗಳ ಸರದಿ. ಮರಳ ದಂಡೆಯ ಮೇಲೆ ಕೆಲಸ ಮಾಡುವ ಬಡಗಿ ಕಂಪನಿಯೂ ಅಲ್ಲ, ಸಂಸ್ಥೆಯೂ ಅಲ್ಲ. ಅವನ ಬಾಚಿ, ಗರಗಸ, ಒಣಗಲು ಇಟ್ಟ ಹಲಗೆಗಳನ್ನು ನಷ್ಟದ ಪಟ್ಟಿಯಲ್ಲಿ ಬರೆಯಲು ತಕ್ಕ ಅಂಕಣವೇ ಇರುವುದಿಲ್ಲ.

ಮನೆಯೋ, ದೋಣಿಯೋ?

ಒಂದು ಪಕ್ಷದ ವಾದ ನೇರವಾಗಿದೆ. ಜನ ಟಾರ್ಪಾಲಿನ್ ಕೆಳಗೆ ಮಲಗಿರುವಾಗ ಸಾರ್ವಜನಿಕ ಹಣದ ಒಂದು ಡಾಲರ್ ಕೂಡ ವೇದಿಕೆ, ಧ್ವನಿವರ್ಧಕ, ಬಹುಮಾನಗಳಿಗೆ ಹೋಗಬಾರದು. ಪಂದ್ಯವನ್ನು ಕೆಲವು ವರ್ಷ ಬಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ಇದನ್ನು ಸಂಸ್ಕೃತಿ ವಿರೋಧ ಎಂದು ತಳ್ಳಿಹಾಕುವುದು ಅನ್ಯಾಯ. ಹಾನಿಗೊಂಡವರ ಬಾಯಲ್ಲಿ ಈ ಮಾತಿಗೆ ತೂಕ ಹೆಚ್ಚು.

ಇನ್ನೊಂದು ಪಕ್ಷ ಹೇಳುವುದು: ಕ್ಯಾರಿಯಾಕುವಿನ ಆದಾಯದ ದೊಡ್ಡ ಪಾಲು ಹೊರಗಿರುವ ತನ್ನ ಮಕ್ಕಳಿಂದಲೇ ಬರುತ್ತದೆ. ಅವರು ಊರಿಗೆ ಬರುವುದು ಬೇಸಿಗೆ ರಜೆಯಲ್ಲಿ, ಪಂದ್ಯದ ನೆಪದಲ್ಲಿ. ಬಂದವರು ಅತಿಥಿಗೃಹದಲ್ಲಿ ಉಳಿಯುತ್ತಾರೆ, ಹಿಲ್ಸ್‌ಬರೊ ಪೇಟೆಯಲ್ಲಿ ಖರ್ಚು ಮಾಡುತ್ತಾರೆ, ಅಜ್ಜಿಯ ಮನೆಯ ಗೋಡೆಯನ್ನು ಕಣ್ಣಾರೆ ಕಂಡು ದುರಸ್ತಿಗೆ ದುಡ್ಡು ಕೊಡುತ್ತಾರೆ. ಪಂದ್ಯ ನಿಂತರೆ ಮನೆ ಕಟ್ಟುವ ಹಣವೂ ತಡವಾಗುತ್ತದೆ.

ಎರಡೂ ವಾದಗಳು ಒಂದು ಕೊಂಡಿಯನ್ನು ಬಿಟ್ಟುಬಿಡುತ್ತವೆ ಎನ್ನುವುದು ನನ್ನ ಅಭಿಪ್ರಾಯ. ಚಾವಣಿ ಕಟ್ಟುವವರೂ ದೋಣಿ ಕಟ್ಟುವವರೂ ಬಹುಮಟ್ಟಿಗೆ ಒಂದೇ ಜನ. ಮರದ ಕೆಲಸ ಬಲ್ಲ ಕೈಗಳು ಸಣ್ಣ ದ್ವೀಪದಲ್ಲಿ ಬೆರಳೆಣಿಕೆಯಷ್ಟು. ಪುನರ್ನಿರ್ಮಾಣದ ಕಾಲದಲ್ಲಿ ಅವರಿಗೆ ದಿನಗೂಲಿ ಸಿಗುವುದು ಮನೆ ಕೆಲಸದಲ್ಲಿ. ಅದು ಸರಿಯಾದದ್ದೇ. ತೊಂದರೆ ಬರುವುದು ಆಮೇಲೆ. ಮನೆ ಕೆಲಸ ಮುಗಿದಾಗ ದೋಣಿ ಕಟ್ಟಿಸುವವರು ಇಲ್ಲದಿದ್ದರೆ ಬಡಗಿಯ ಮಗ ಕಟ್ಟಡ ಗುತ್ತಿಗೆದಾರನ ಹಿಂದೆ ಬೇರೆ ದ್ವೀಪಕ್ಕೆ ಹೋಗುತ್ತಾನೆ. ಪಂದ್ಯ ಇಲ್ಲದಿದ್ದರೆ ಬೇಡಿಕೆ ಇಲ್ಲ, ಬೇಡಿಕೆ ಇಲ್ಲದಿದ್ದರೆ ಶಿಷ್ಯ ಇಲ್ಲ, ಶಿಷ್ಯ ಇಲ್ಲದೆ ಹಿರಿಯ ತೀರಿಕೊಂಡರೆ ಆ ಕಣ್ಣಳತೆಯೂ ಅವನೊಂದಿಗೇ ಮಣ್ಣಾಗುತ್ತದೆ. ನಕ್ಷೆಯಿಲ್ಲದ ವಿದ್ಯೆಗೆ ಈ ಅಪಾಯ ದುಪ್ಪಟ್ಟು, ಏಕೆಂದರೆ ಮುಂದೆಂದಾದರೂ ಕಾಗದ ಬಿಡಿಸಿ ಮತ್ತೆ ಶುರು ಮಾಡುವ ದಾರಿಯೇ ಇಲ್ಲ.

ಹಾಗಾಗಿ ವಾದ ನಡೆಯಬೇಕಾದದ್ದು ಪಂದ್ಯ ಬೇಕೋ ಬೇಡವೋ ಎಂಬುದರ ಸುತ್ತ ಅಲ್ಲ. ಪಂದ್ಯದ ಹಣ ಯಾರ ಕೈ ಸೇರುತ್ತದೆ ಎಂಬುದರ ಸುತ್ತ. ಉತ್ಸವದಲ್ಲಿ ಎರಡು ಭಾಗಗಳಿವೆ. ನೀರಿನ ಮೇಲೆ ಉದ್ದಕ್ಕೆ ತಕ್ಕಂತೆ ವರ್ಗ ಮಾಡಿದ ಮರದ ದೋಣಿಗಳ ಸ್ಪರ್ಧೆ. ದಡದ ಮೇಲೆ ಸಂಗೀತ, ಕತ್ತೆ ಓಟ, ಎಣ್ಣೆ ಬಳಿದ ಕಂಬ ಹತ್ತುವ ಆಟ, ಹಗ್ಗಜಗ್ಗಾಟ. ದಡದ ಭಾಗ ಪ್ರಾಯೋಜಕರನ್ನು ಸುಲಭವಾಗಿ ಸೆಳೆಯುತ್ತದೆ. ನೀರಿನ ಭಾಗಕ್ಕೆ ಆ ಭಾಗ್ಯ ಕಡಿಮೆ. ಕಷ್ಟದ ವರ್ಷಗಳಲ್ಲಿ ದಡದ ಆಡಂಬರ ಕಡಿತ ಮಾಡಿ, ಸಾರ್ವಜನಿಕ ಹಣವನ್ನು ಹೊಸ ಅಡಿಮರ ಇಟ್ಟವನಿಗೆ, ಒಬ್ಬ ಶಿಷ್ಯನನ್ನು ಇಟ್ಟುಕೊಂಡವನಿಗೆ, ಮುರಿದ ದೋಣಿಯನ್ನು ಪಂದ್ಯದ ವೇಳೆಗೆ ಎಬ್ಬಿಸಿ ನಿಲ್ಲಿಸಿದವನಿಗೆ ಕೊಡಬಹುದು. ಹತ್ತೇ ದೋಣಿಗಳು ಓಡಿದರೂ ಪಂದ್ಯ ಪಂದ್ಯವೇ.

ಪಂದ್ಯಕ್ಕೂ ತನ್ನದೇ ದೋಷವಿದೆ, ಅದನ್ನು ಮುಚ್ಚಿಡಬಾರದು. ಗೆಲುವೊಂದೇ ಗುರಿಯಾದಾಗ ದೋಣಿ ಹಗುರಾಗುತ್ತದೆ, ಹಾಯಿ ದೊಡ್ಡದಾಗುತ್ತದೆ, ಮೀನುಗಾರಿಕೆಗೆ ಅದು ಬಾರದಂತಾಗುತ್ತದೆ. ವರ್ಷಕ್ಕೊಮ್ಮೆ ನೀರಿಗಿಳಿಯುವ ದೋಣಿಗೆ ಹಣ ಹಾಕಬಲ್ಲವರು ಕೆಲವರೇ. ನಿಯಮಗಳಲ್ಲಿ ದುಡಿಯುವ ದೋಣಿಗೆ ಪ್ರತ್ಯೇಕ ಜಾಗ ಇರಬೇಕೆನ್ನುವುದು ಇದಕ್ಕಾಗಿ.

ಆಗಸ್ಟ್ ಬಿಟ್ಟರೆ ಬೇರೆ ತಿಂಗಳಿಲ್ಲವೇ?

ಕೆರಿಬಿಯನ್ ಮಕ್ಕಳಿಗೆ ಬಾಯಿಪಾಠವಾಗಿರುವ ಒಂದು ಪ್ರಾಸವಿದೆ: ಜೂನ್ ಎಂದರೆ ಚಂಡಮಾರುತಕ್ಕೆ ತೀರ ಬೇಗ, ಜುಲೈನಲ್ಲಿ ಸಿದ್ಧವಾಗಿರು, ಆಗಸ್ಟ್‌ನಲ್ಲಿ ಎಚ್ಚರವಾಗಿರು, ಸೆಪ್ಟೆಂಬರನ್ನು ನೆನಪಿಡು, ಅಕ್ಟೋಬರ್‌ಗೆ ಎಲ್ಲ ಮುಗಿಯಿತು. ಬೆರಿಲ್ ಈ ಪ್ರಾಸದ ಮೊದಲ ಸಾಲನ್ನೇ ಸುಳ್ಳು ಮಾಡಿತು. ಜೂನ್ ತಿಂಗಳಲ್ಲೇ ನಾಲ್ಕನೇ ದರ್ಜೆ ಮುಟ್ಟಿದ ಮೊದಲ ಅಟ್ಲಾಂಟಿಕ್ ಚಂಡಮಾರುತ ಅದು. ಕ್ಯಾರಿಯಾಕು ದಾಟಿದ ಮೇಲೆ ಐದನೇ ದರ್ಜೆಗೂ ಏರಿತು. ಅಷ್ಟು ಬೇಗ ಹಿಂದೆ ಯಾವುದೂ ಏರಿರಲಿಲ್ಲ. ಹಿಂದಿನ ದಾಖಲೆ 2005ರ ಜುಲೈ ನಡುವಿನ ಎಮಿಲಿಯದು. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಕಾಯುವ ಸಮುದ್ರ 2024ರಲ್ಲಿ ಜೂನ್‌ನಲ್ಲೇ ಕಾದಿತ್ತು. ಬಿಸಿ ನೀರೇ ಚಂಡಮಾರುತದ ಇಂಧನವಾದ್ದರಿಂದ ಋತು ಮುಂಚೆಯೇ ಪ್ರಬಲವಾಯಿತು.

ಹಾಗಾದರೆ ಪಂದ್ಯವನ್ನು ಒಣ ತಿಂಗಳುಗಳಿಗೆ, ಈಸ್ಟರ್ ಕಡೆಗೆ ಸರಿಸಬಾರದೇ? ಹೇಳುವುದು ಸುಲಭ. ಈಸ್ಟರ್‌ಗೆ ನೆರೆಯ ಬೆಕ್ವಿಯಾ ದ್ವೀಪದಲ್ಲಿ ಅದರದೇ ರೆಗಾಟಾ ಇದೆ. ಮಾರ್ಚ್‌ನಿಂದ ಮೇವರೆಗೆ ಉತ್ತರದ ದ್ವೀಪಗಳ ದೊಡ್ಡ ಸ್ಪರ್ಧೆಗಳ ಸಾಲೇ ಇದೆ; ಅವುಗಳ ನಡುವೆ ಸಣ್ಣ ದ್ವೀಪದ ದನಿ ಅಡಗಿಹೋಗುತ್ತದೆ. ಬ್ರೂಕ್ಲಿನ್ ಮತ್ತು ಹಡರ್ಸ್‌ಫೀಲ್ಡ್‌ನ ಮಕ್ಕಳಿಗೆ ಆಗ ಉದ್ದ ರಜೆ ಇಲ್ಲ. ಆಗಸ್ಟ್ ಎರಡನೇ ವಾರದ ಗ್ರೆನಡಾ ಕಾರ್ನಿವಲ್‌ಗೆ ಬರುವವರು ಪಂದ್ಯವನ್ನೂ ನೋಡಿ ಹೋಗುತ್ತಾರೆ. ಆ ಜೋಡಿ ಒಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಗಸ್ಟ್‌ನ ಮೊದಲ ದಿನಗಳು ಗುಲಾಮಗಿರಿ ರದ್ದಾದುದರ ನೆನಪಿನ ರಜೆಯ ಕಾಲ. 1834ರ ಆಗಸ್ಟ್ 1ರಂದು ಬ್ರಿಟಿಷ್ ವಸಾಹತುಗಳಲ್ಲಿ ಆ ಕಾನೂನು ಜಾರಿಗೆ ಬಂತು. ಸಮುದ್ರದಾಚೆಯಿಂದ ಸರಪಳಿಯಲ್ಲಿ ಬಂದವರ ಮೊಮ್ಮಕ್ಕಳು ತಾವೇ ಕಟ್ಟಿದ ದೋಣಿಯಲ್ಲಿ ಅದೇ ಸಮುದ್ರದ ಮೇಲೆ ಓಡುವ ದಿನ ಅದು. ಆ ತಾರೀಖನ್ನು ಕೇವಲ ಹವಾಮಾನದ ಲೆಕ್ಕದಿಂದ ಎತ್ತಿಡಲಾಗದು.

ತಾರೀಖು ಉಳಿಸಿಕೊಂಡೇ ಅಪಾಯ ತಗ್ಗಿಸುವ ದಾರಿಗಳಿವೆ. ಮುನ್ಸೂಚನೆ ಯಾವ ಮಟ್ಟ ಮುಟ್ಟಿದರೆ ಪಂದ್ಯ ತಾನಾಗಿಯೇ ರದ್ದಾಗುತ್ತದೆ ಎಂಬುದನ್ನು ಮೊದಲೇ ಬರೆದಿಡುವುದು, ದೋಣಿಗಳನ್ನು ದಡಕ್ಕೆಳೆದು ಕಟ್ಟಿಹಾಕುವ ಭದ್ರ ಜಾಗ ಮಾಡುವುದು. ಇವಕ್ಕೆ ಖರ್ಚು ಕಡಿಮೆ. ಮೀನುಗಾರರಿಗೂ ವರ್ಷವಿಡೀ ಇದು ನೆರವಾಗುತ್ತದೆ.

ವಿಮೆಯ ಗೆರೆ

ಇಲ್ಲಿ ಹೆಚ್ಚು ಚರ್ಚೆಯಾಗದ, ಆದರೆ ಪಂದ್ಯದ ಭವಿಷ್ಯವನ್ನು ಸದ್ದಿಲ್ಲದೆ ನಿರ್ಧರಿಸಬಲ್ಲ ಸಂಗತಿಯೊಂದಿದೆ. ವಿಹಾರ ನೌಕೆಗಳ ವಿಮಾ ಪತ್ರಗಳು ಚಂಡಮಾರುತದ ಋತುವಿನಲ್ಲಿ ನೌಕೆ ಒಂದು ಅಕ್ಷಾಂಶದ ದಕ್ಷಿಣಕ್ಕೆ ಇರಬೇಕೆಂದು ಹೇಳುತ್ತವೆ. ಹಲವು ಪತ್ರಗಳಲ್ಲಿ ಆ ಗೆರೆ ಉತ್ತರ ಅಕ್ಷಾಂಶ 12 ಡಿಗ್ರಿ 40 ನಿಮಿಷ. ಕ್ಯಾರಿಯಾಕು ಇರುವುದು ಸುಮಾರು 12 ಡಿಗ್ರಿ 28 ನಿಮಿಷದಲ್ಲಿ, ಗೆರೆಯ ಕೆಳಗೆ ಕೂದಲೆಳೆಯಷ್ಟು. ಅಷ್ಟೇ ಅಂತರದಿಂದ ಅದು ಸುರಕ್ಷಿತ ವಲಯವಾಯಿತು. ಉತ್ತರದಿಂದ ಬಂದ ನೌಕೆಗಳು ಟಿರೆಲ್ ಬೇ ಕೊಲ್ಲಿಯಲ್ಲಿ, ಅದರ ಪಕ್ಕದ ಕಾಂಡ್ಲಾ ಕಾಡಿನ ಒಳನೀರಿನಲ್ಲಿ ಆಶ್ರಯ ಪಡೆಯುತ್ತಿದ್ದವು. ಆಗಸ್ಟ್‌ನ ಪಂದ್ಯಕ್ಕೆ ಪ್ರೇಕ್ಷಕರೂ ಗಿರಾಕಿಗಳೂ ಅವುಗಳಿಂದ ಸಿಗುತ್ತಿದ್ದರು.

ಬೆರಿಲ್ ಬಂದದ್ದು ಆ ಸುರಕ್ಷಿತ ವಲಯದ ನಡುವೆಯೇ. ಟಿರೆಲ್ ಬೇಯಲ್ಲಿ ಆಶ್ರಯ ಪಡೆದಿದ್ದ ನೌಕೆಗಳು ಒಂದರ ಮೇಲೊಂದು ಬಿದ್ದು ಒಡೆದವು. ಕಾಂಡ್ಲಾ ಮರಗಳ ಎಲೆ ತೊಗಟೆಗಳು ಸುಲಿದುಹೋದವು. ವಿಮಾ ಕಂಪನಿಗಳು ಗೆರೆಯನ್ನು ದಕ್ಷಿಣಕ್ಕೆ ಸರಿಸಿದರೆ ಅಥವಾ ಕಂತು ಏರಿಸಿದರೆ, ಆಗಸ್ಟ್‌ನಲ್ಲಿ ನೌಕೆಗಳು ಕ್ಯಾರಿಯಾಕು ಬಿಟ್ಟು ನೇರವಾಗಿ ಟ್ರಿನಿಡಾಡ್‌ನಂಥ ಇನ್ನೂ ಕೆಳಗಿನ ಬಂದರುಗಳಿಗೆ ಹೋಗುತ್ತವೆ. ಆಗ ಉತ್ಸವದ ಆದಾಯ ತಗ್ಗುತ್ತದೆ, ಅತಿಥಿಗೃಹದವರಿಗೂ ದುರಸ್ತಿ ಅಂಗಡಿಯವರಿಗೂ ಪೆಟ್ಟು ಬೀಳುತ್ತದೆ, ಸರ್ಕಾರ ತುಂಬಿಕೊಡಬೇಕಾದ ಪಾಲು ದೊಡ್ಡದಾಗುತ್ತದೆ. ಆಗ ಮನೆ ಮೊದಲು ಎನ್ನುವವರ ವಾದಕ್ಕೆ ಮತ್ತಷ್ಟು ಬಲ ಬರುತ್ತದೆ. ದೂರದ ನಗರದ ಕಚೇರಿಯಲ್ಲಿ ಎಳೆಯುವ ಒಂದು ಗೆರೆ ಹೀಗೆ ವಿಂಡ್‌ವರ್ಡ್ ದಂಡೆಯ ಬಡಗಿಯ ತನಕ ತಲುಪುತ್ತದೆ.

ಗಮನಿಸಬೇಕಾದವು

ವಿದೇಶಿ ನೌಕೆಗಳು ಕಡಿಮೆಯಾದರೆ ಪಂದ್ಯ ಸಣ್ಣದಾಗುತ್ತದೆ, ಆದರೆ ಸಾಯಬೇಕಿಲ್ಲ; ಆರಂಭದಲ್ಲಿ ಅದು ನಡೆದದ್ದು ಸ್ಥಳೀಯ ದೋಣಿಗಳಿಂದಲೇ. ಸ್ಥಳೀಯ ದೋಣಿಗಳೇ ಕಡಿಮೆಯಾದರೆ ಎಷ್ಟು ಪ್ರೇಕ್ಷಕರಿದ್ದರೂ ಅದು ಬರೀ ಜಾತ್ರೆ. ಆದ್ದರಿಂದ ಪ್ರತಿ ವರ್ಷ ಎಷ್ಟು ಜನ ಬಂದರು ಎಂಬ ಸುದ್ದಿಗಿಂತ ವಿಂಡ್‌ವರ್ಡ್‌ನಲ್ಲೂ ಪೆಟೀಟ್ ಮಾರ್ಟಿನಿಕ್‌ನಲ್ಲೂ ಎಷ್ಟು ಹೊಸ ದೋಣಿಗಳಿಗೆ ಅಡಿಮರ ಇಟ್ಟರು, ಅವುಗಳ ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಎಷ್ಟು ಹುಡುಗರು ನಿಂತಿದ್ದಾರೆ ಎಂಬುದನ್ನು ನೋಡಬೇಕು.

ಬಿಳಿ ಸೀಡರ್ ವಿಷಯವೂ ಅಷ್ಟೇ ಮುಖ್ಯ. ಗಾಳಿಗೆ ಉರುಳಿದ ಮರಗಳನ್ನು ಬೇಗ ಆಯ್ದು ನೆರಳಿನಲ್ಲಿ ಒಣಗಿಸಿಡದಿದ್ದರೆ ಅವು ಸೌದೆಯಾಗುತ್ತವೆ. ಹೊಸದಾಗಿ ನೆಟ್ಟವು ಪಕ್ಕೆಗೆ ಒದಗುವಷ್ಟು ದಪ್ಪವಾಗಲು ದಶಕಗಳು ಬೇಕು. ಪುನರ್ನಿರ್ಮಾಣದ ಯೋಜನೆಯಲ್ಲಿ ಈ ಮರಕ್ಕೆ ಒಂದು ಸಾಲು ಸಿಕ್ಕಿತೇ ಎಂಬುದು, ಯುನೆಸ್ಕೊಗೆ ಗ್ರೆನಡಾ ಸಲ್ಲಿಸಲಿರುವ ಮುಂದಿನ ವರದಿಯಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದ ವಿವರ.